ಮೇಷ್ಟರಿಗೆ ಸಂಭಾವನೆ



ಮೈಸೂರಿನಲ್ಲಿ 1921ರಲ್ಲಿ ನಡೆದ ಒಂದು ಬೀಳ್ಕೊಡುಗೆಯ ಕತೆ ನಿಮಗೆಲ್ಲ ಗೊತ್ತು. ಮಹಾರಾಜಾ ಕಾಲೇಜಿನ ತತ್ವಶಾಸ್ತ್ರ ಪ್ರಾಧ್ಯಾಪಕ ಎಸ್. ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಿದ್ದರು. ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಹೆಗಲು ಕೊಟ್ಟು, ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. 1962ರಿಂದ ಆಚರಿಸುತ್ತಿರುವ ಶಿಕ್ಷಕರ ದಿನ ಬಂತೆಂದರೆ ಈ ಕತೆ ಹೇಳದ ವೇದಿಕೆಯಿಲ್ಲ. ಅದಕ್ಕೆ ಹಿಂದಿನ ಮೂರು ವರ್ಷಗಳ ಮಾತನ್ನು ಮಾತ್ರ ಎತ್ತುವವರು ಕಡಿಮೆ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷದ ಆ ಎಳೆಯ ಸಂಸ್ಥೆ, ಮೂವತ್ತರ ಆಸುಪಾಸಿನ ಅಧ್ಯಾಪಕನೊಬ್ಬನನ್ನು ಕರೆದು ಪ್ರಾಧ್ಯಾಪಕನ ಪೀಠ ಕೊಟ್ಟಿತು. ಸಮಕಾಲೀನ ತತ್ವಶಾಸ್ತ್ರದಲ್ಲಿ ಧರ್ಮದ ಪ್ರಭಾವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1920ರಲ್ಲಿ ಹೊರಬಂದಾಗ ಅವರು ಮೈಸೂರಿನಲ್ಲೇ ಇದ್ದರು. ಗಾಡಿ ಎಳೆದದ್ದು ಗೌರವ. ಹುದ್ದೆ ಕೊಟ್ಟು ಓದುಬರಹಕ್ಕೆ ನೆಲೆ ಮಾಡಿಕೊಟ್ಟದ್ದು ಆಸರೆ. ಗೌರವಕ್ಕೆ ಒಂದು ಸಂಜೆ ಸಾಕು. ಆಸರೆಗೆ ವರ್ಷಗಳೇ ಬೇಕು, ಖರ್ಚೂ ಇದೆ.

ಅದೇ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದವರು ಎಂ. ಹಿರಿಯಣ್ಣ. ಅವರ ಗಾಡಿಯನ್ನು ಯಾರಾದರೂ ಎಳೆದ ಕತೆ ಪ್ರಚಾರದಲ್ಲಿಲ್ಲ. ನಿವೃತ್ತರಾದದ್ದು 1927ರಲ್ಲಿ. ಭಾರತೀಯ ತತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ. ಅದರ ಮೂಲ, ಮೈಸೂರಿನ ತರಗತಿಗಳಲ್ಲಿ ಅವರು ಅನೇಕ ವರ್ಷ ಹೇಳಿದ ಪಾಠ. ಪುಸ್ತಕವಾಗುವವರೆಗೆ ಆ ವಿದ್ವತ್ತಿನ ಬೆಲೆ ಗೊತ್ತಿದ್ದುದು ಬೆಂಚಿನ ಮೇಲೆ ಕುಳಿತು ಕೇಳಿದವರಿಗಷ್ಟೇ. ವರ್ಷಕ್ಕೆಷ್ಟು ಪ್ರಬಂಧ ಪ್ರಕಟವಾಯಿತೆಂದು ಅಂಕ ಹಾಕುವ ಇಂದಿನ ಪದ್ಧತಿಯಲ್ಲಿ ಹಿರಿಯಣ್ಣನವರಿಗೆ ಬಡ್ತಿ ಸಿಗುತ್ತಿತ್ತೆ? ಅನುಮಾನ.

ಇನ್ನು ಬಿ.ಎಂ.ಶ್ರೀ. ಸಂಬಳ ಇಂಗ್ಲಿಷ್ ಪಾಠಕ್ಕೆ, ದುಡಿಮೆ ಕನ್ನಡಕ್ಕೆ! 1938ರಲ್ಲಿ ಅರಮನೆ 'ರಾಜಸೇವಾಸಕ್ತ' ಬಿರುದು ನೀಡಿತು. 1941ರಲ್ಲಿ ಶಿಷ್ಯರೂ ಗೆಳೆಯರೂ ಕೂಡಿ ಲೇಖನಗಳನ್ನು ಬರೆದು, ಗ್ರಂಥ ಮಾಡಿ ಒಪ್ಪಿಸಿದರು. ಕನ್ನಡದ ಮೊದಮೊದಲ ಅಭಿನಂದನ ಗ್ರಂಥಗಳಲ್ಲಿ ಅದೊಂದು. ಇಟ್ಟ ಹೆಸರು 'ಸಂಭಾವನೆ'. ಎಂಥ ಜಾಣ ಹೆಸರು ನೋಡಿ: ಮನ್ನಣೆಯೂ ಅದೇ, ಪುರೋಹಿತರ ದಕ್ಷಿಣೆಯೂ ಅದೇ, ಆಕಾಶವಾಣಿಯ ಚೆಕ್ಕೂ ಅದೇ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಈ ಪದ್ಧತಿ ನಮ್ಮಲ್ಲಿ ಚೆನ್ನಾಗಿಯೇ ಬೇರೂರಿತು. ಶಾಲು ಮಾಸುತ್ತದೆ, ಹಾರ ಮರುದಿನವೇ ಬಾಡುತ್ತದೆ; ಗುರುವಿನ ವಿಷಯವನ್ನು ಶಿಷ್ಯ ಒಂದು ಹೆಜ್ಜೆ ಮುಂದೊಯ್ದ ಲೇಖನ ಗ್ರಂಥಾಲಯದಲ್ಲಿ ಉಳಿಯುತ್ತದೆ. ಈಚೆಗೆ ಇಂಥ ಗ್ರಂಥಗಳಲ್ಲಿ ಹೊಗಳಿಕೆಯ ಪುಟಗಳೂ ಫೋಟೋಗಳೂ ಹೆಚ್ಚಿವೆಯೆನ್ನುವುದು ಬೇರೆ ಮಾತು.

ಇಷ್ಟೆಲ್ಲ ಕಾಯಂ ಹುದ್ದೆಯಲ್ಲಿದ್ದವರ ಕತೆ. ರಾಜ್ಯದ ಎಷ್ಟೋ ಪದವಿ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಪಾಠದ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾಭದ್ರತೆ ಕೇಳಿ, ತರಗತಿ ಬಿಟ್ಟು ಬೀದಿಗಿಳಿದರು. ಹತ್ತಾರು ವರ್ಷ ಪಾಠ ಹೇಳಿದವರೂ ಅವರಲ್ಲಿದ್ದರು. ಅವರಿಗೆ ನಿವೃತ್ತಿಯ ಸಮಾರಂಭವಿಲ್ಲ, ಏಕೆಂದರೆ ಸೇರಿದ್ದೇ ಲೆಕ್ಕಕ್ಕಿಲ್ಲ. ವರ್ಷ ಮುಗಿದ ಮೇಲೆ ಮತ್ತೆ ಕರೆ ಬಂದೀತೆ ಎಂದು ಕಾಯಬೇಕು. ಅವರಿಗೆ ಸಲ್ಲುವ ಹಣವನ್ನು ಸರ್ಕಾರದ ಕಾಗದಪತ್ರಗಳಲ್ಲಿ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ.