ಒಡೆದ ಹಾಲಿನ ಲೆಕ್ಕ



ಬೇಸಿಗೆಯ ಸಂಜೆ ಒಲೆಯ ಮೇಲಿಟ್ಟ ಹಾಲು ಒಡೆದರೆ ಮನೆಯೊಡತಿಯ ಮುಖ ಬಾಡುತ್ತದೆ. ‘ಹಾಲು ಕೆಟ್ಟಿತು’ ಎಂದು ನಿಟ್ಟುಸಿರು ಬಿಡುತ್ತಾಳೆ. ಪಾತ್ರೆಯೊಳಗೆ ಬಿಳಿಯ ಗಟ್ಟಿ ಒಂದು ಕಡೆ, ಹಸಿರು ಛಾಯೆಯ ತಿಳಿನೀರು ಇನ್ನೊಂದು ಕಡೆ. ಈ ನೀರಿಗೆ ಕನ್ನಡದಲ್ಲಿ ಹಾಲೊಡಕು ಎಂಬ ಹೆಸರಿದೆ. ನಮ್ಮಲ್ಲಿ ನಷ್ಟವೆಂದು ಕಾಣುವ ಈ ಒಡೆಯುವಿಕೆಯನ್ನೇ ಯುರೋಪು ಮತ್ತು ಪಶ್ಚಿಮ ಏಷ್ಯಾದ ಜನ ಸಾವಿರಾರು ವರ್ಷಗಳಿಂದ ಒಂದು ವಿದ್ಯೆಯಾಗಿ ಬೆಳೆಸಿದರು. ಹಾಲನ್ನು ಬೇಕೆಂದೇ ಒಡೆಸಿ, ನೀರು ಹಿಂಡಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಮಾಗಿಸಿದರು. ಅದೇ ಚೀಸ್.

ಇಂದು ಚೀಸ್ ತಾಲ್ಲೂಕು ಕೇಂದ್ರದ ಅಂಗಡಿಯ ಫ್ರಿಜ್ಜಿಗೂ ಬಂದಿದೆ. ಮಕ್ಕಳು ಅದನ್ನು ದೋಸೆಯ ಮೇಲೂ ಕೇಳುತ್ತಾರೆ. ತಾಯಿಗೆ ಗೊಂದಲ. ‘ಕೊಡು, ಮೂಳೆ ಗಟ್ಟಿಯಾಗುತ್ತದೆ’ ಎನ್ನುತ್ತಾರೆ ಒಬ್ಬರು. ‘ಬರೀ ಕೊಬ್ಬು, ಬರೀ ಉಪ್ಪು, ಕೊಡಬೇಡ’ ಎನ್ನುತ್ತಾರೆ ಇನ್ನೊಬ್ಬರು. ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಪೂರ್ಣ ಸತ್ಯ ತಿಳಿಯಬೇಕಾದರೆ ಆ ಒಡೆದ ಹಾಲಿನ ಪಾತ್ರೆಗೇ ಹಿಂದಿರುಗಬೇಕು. ಗಟ್ಟಿಯಲ್ಲಿ ಉಳಿದದ್ದೇನು, ನೀರಿನಲ್ಲಿ ಹೋದದ್ದೇನು, ಆಮೇಲೆ ಸೇರಿಸಿದ್ದೇನು? ಚೀಸಿನ ಪೌಷ್ಟಿಕತೆಯ ಲೆಕ್ಕವೆಲ್ಲ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ.

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ನಿಘಂಟುಗಳು ಚೀಸ್ ಎಂಬುದಕ್ಕೆ ‘ಗಿಣ್ಣು’ ಎಂಬ ಅರ್ಥ ಕೊಡುತ್ತವೆ. ಆದರೆ ಹಳ್ಳಿಯ ಮನೆಯ ಗಿಣ್ಣು ಬೇರೆಯೇ ಪದಾರ್ಥ. ಹಸುವೋ ಎಮ್ಮೆಯೋ ಕರು ಹಾಕಿದ ಮೊದಲ ಕೆಲವು ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಅದು ತಾನಾಗಿ ಹೆಪ್ಪುಗಟ್ಟುತ್ತದೆ. ಹುಳಿ ಹಿಂಡಬೇಕಿಲ್ಲ. ಏಕೆಂದರೆ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಪ್ರೋಟೀನುಗಳು ಆ ಹಾಲಿನಲ್ಲಿ ತುಂಬಿರುತ್ತವೆ. ಸಾಮಾನ್ಯ ಹಸುವಿನ ಹಾಲಿನಲ್ಲಿ ಪ್ರೋಟೀನು ಶೇ. 3ರಷ್ಟಿದ್ದರೆ, ಮೊದಲ ಕರೆತದ ಹಾಲಿನಲ್ಲಿ ಶೇ. 14ರಷ್ಟಿರುವುದುಂಟು. ಬಿಸಿ ತಾಗಿದೊಡನೆ ಮೊಟ್ಟೆಯ ಬಿಳಿಯಂತೆ ಅವು ಗಟ್ಟಿಯಾಗುತ್ತವೆ. ಚೀಸ್ ಗಟ್ಟಿಯಾಗುವುದು ಹೀಗಲ್ಲ. ಆದ್ದರಿಂದ ಇಲ್ಲಿ ಚೀಸನ್ನು ಚೀಸ್ ಎಂದೇ ಕರೆಯುವುದು ಲೇಸು.

ಚೀಸ್ ಎಷ್ಟು ಹಳೆಯದು? ಪೋಲೆಂಡಿನ ಕುಯಾವಿಯಾ ಪ್ರದೇಶದಲ್ಲಿ ಸಣ್ಣ ಸಣ್ಣ ತೂತುಗಳಿರುವ ಮಡಕೆಯ ಚೂರುಗಳು ದೊರೆತಿದ್ದವು. ಅವುಗಳಲ್ಲಿ ಇಂಗಿದ್ದ ಜಿಡ್ಡು ಹಾಲಿನದೇ ಎಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಸುಮಾರು 7,000 ವರ್ಷಗಳ ಹಿಂದಿನ ರೈತರು ಒಡೆದ ಹಾಲನ್ನು ಆ ಜರಡಿಗಳಲ್ಲಿ ಸೋಸುತ್ತಿದ್ದರು. ಚೀನಾದ ತಾರಿಮ್ ಮರಳುಗಾಡಿನಲ್ಲಿ ಸುಮಾರು 3,500 ವರ್ಷ ಹಳೆಯ ಸಮಾಧಿಗಳಲ್ಲಿ ಮೃತರ ಕೊರಳ ಸುತ್ತ ಇಟ್ಟಿದ್ದ ಬಿಳಿಯ ತುಣುಕುಗಳೂ ಚೀಸೇ ಎಂಬುದು 2024ರಲ್ಲಿ ಖಚಿತವಾಯಿತು.

ಅಷ್ಟು ಹಿಂದಿನ ಜನಕ್ಕೆ ಚೀಸ್ ಏಕೆ ಬೇಕಾಗಿತ್ತು? ಹಾಲು ಕೆಡದಂತೆ ಇಡುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಹೊಟ್ಟೆಯ ಕಾರಣ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಜೀರ್ಣಿಸುವ ಕಿಣ್ವ ಎಳೆಯ ಮಕ್ಕಳೆಲ್ಲರಲ್ಲೂ ಇರುತ್ತದೆ. ದೊಡ್ಡವರಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಅಂಥವರು ಒಂದು ದೊಡ್ಡ ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯೂ ಆಗಬಹುದು. ಆ ಕಾಲದ ಯುರೋಪಿನ ರೈತರಲ್ಲಿ ಹೆಚ್ಚಿನವರಿಗೆ ಹಾಲು ಅರಗುತ್ತಿರಲಿಲ್ಲ. ಆದರೆ ಹಾಲನ್ನು ಒಡೆಸಿ ಸೋಸಿದಾಗ ಸಕ್ಕರೆಯ ಬಹುಪಾಲು ನೀರಿನೊಂದಿಗೆ ಹರಿದುಹೋಗುತ್ತದೆ. ಉಳಿದದ್ದನ್ನು ಮಾಗುವ ಕಾಲದಲ್ಲಿ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಹೀಗೆ, ಹಾಲು ಒಗ್ಗದ ಹೊಟ್ಟೆಗೂ ಹಾಲಿನ ಸಾರ ಸಿಕ್ಕಿತು.

ಈ ತೊಂದರೆ ಭಾರತದಲ್ಲೂ ಇದೆ. ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ಇಲ್ಲಿನ ಜನ ಕಂಡುಕೊಂಡ ಪರಿಹಾರ ಮೊಸರು, ಮಜ್ಜಿಗೆ. ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಷ್ಟನ್ನು ಹುಳಿಯಾಗಿಸುತ್ತವೆ. ಮೊಸರಿನಲ್ಲಿ ಉಳಿದ ಸಕ್ಕರೆಯನ್ನು ಅರಗಿಸಲೂ ಅವೇ ನೆರವಾಗುತ್ತವೆ. ಪೋಲೆಂಡಿನ ರೈತನ ಜರಡಿ ಮತ್ತು ಕನ್ನಡ ನಾಡಿನ ಅಜ್ಜಿಯ ಮೊಸರಿನ ಗಡಿಗೆ, ಇವೆರಡೂ ಒಂದೇ ಪ್ರಶ್ನೆಗೆ ದೊರೆತ ಎರಡು ಉತ್ತರಗಳು.

ಹಾಲನ್ನು ಬೇಕೆಂದೇ ಒಡೆಸುವುದು ನಮಗೆ ತೀರ ಅಪರಿಚಿತವೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಕ್ಷೀರಪ್ರಕಾರ’ ಎಂಬ ಸಿಹಿತಿಂಡಿಯ ವಿವರವಿದೆ. ಕಾದ ಹಾಲನ್ನು ಹುಳಿಯಿಂದ ಒಡೆಸಿ, ಗಟ್ಟಿಯನ್ನು ಬೇರ್ಪಡಿಸಿ, ಅಕ್ಕಿಹಿಟ್ಟು ಬೆರೆಸಿ, ಕರಿದು ಸಕ್ಕರೆಗೆ ಹಾಕುವ ಕ್ರಮ ಅದು. ಬಂಗಾಳದ ರಸಗುಲ್ಲ ಹೆಸರು ಮಾಡುವ ಎಷ್ಟೋ ಮೊದಲೇ ಇಂದಿನ ಬಸವಕಲ್ಯಾಣದ ಅರಮನೆಗೆ ಒಡೆದ ಹಾಲಿನ ರುಚಿ ಗೊತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ಹಾಲನ್ನು ಒಡೆಸಲು ಎರಡು ದಾರಿಗಳಿವೆ. ಒಂದು ಹುಳಿ, ಇನ್ನೊಂದು ರೆನೆಟ್. ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯ ನಾಲ್ಕನೆಯ ಕೋಣೆಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿರುತ್ತದೆ. ಅದೇ ರೆನೆಟ್ಟಿನ ಜೀವಾಳ. ಸಸ್ಯಾಹಾರಿಗಳು ಚೀಸನ್ನು ಅನುಮಾನದಿಂದ ನೋಡಿದ್ದು ಇದೇ ಕಾರಣಕ್ಕೆ. ಈಗ ಬೂಷ್ಟು, ಯೀಸ್ಟುಗಳಂಥ ಸೂಕ್ಷ್ಮಜೀವಿಗಳಿಂದಲೇ ಇಂಥ ಕಿಣ್ವ ಪಡೆಯುತ್ತಾರೆ. ಕರುವಿನ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸಿ ತಯಾರಿಸಿದ ಕಿಣ್ವಕ್ಕೆ ಅಮೆರಿಕ 1990ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿಕೊಂಡರೆ ಸಸ್ಯಾಹಾರಿಗಳ ಅನುಮಾನ ತೀರುತ್ತದೆ.

ಹುಳಿಗೂ ರೆನೆಟ್ಟಿಗೂ ಇರುವ ವ್ಯತ್ಯಾಸ ಪೌಷ್ಟಿಕತೆಯ ವ್ಯತ್ಯಾಸವೂ ಹೌದು. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಕ್ಯಾಲ್ಸಿಯಂ ಅನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ರೆನೆಟ್ ಹಾಕಿದರೆ ಆ ಹಿಡಿತ ಸಡಿಲವಾಗುವುದಿಲ್ಲ. ಕ್ಯಾಲ್ಸಿಯಂ ಬಹುಪಾಲು ಗಟ್ಟಿಯಲ್ಲೇ ಉಳಿಯುತ್ತದೆ. ಹುಳಿ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಕರಗಿ ನೀರಿಗೆ ಸೇರುತ್ತದೆ. ಹೀಗಾಗಿ 100 ಗ್ರಾಂ ಚೆಡ್ಡರ್ ಚೀಸಿನಲ್ಲಿ ಸುಮಾರು 700 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ತಿಂಗಳುಗಟ್ಟಲೆ ಮಾಗಿಸುವ ಇಟಲಿಯ ಪಾರ್ಮಿಜಾನೊದಲ್ಲಿ ಅದು ಸಾವಿರ ಮಿಲಿಗ್ರಾಂ ದಾಟುತ್ತದೆ. ಹುಳಿಯಿಂದ ಒಡೆಸಿದ, ನೀರಿನಂಶ ಹೆಚ್ಚಿರುವ ಕಾಟೇಜ್ ಚೀಸಿನಲ್ಲಾದರೋ 100 ಮಿಲಿಗ್ರಾಂ ಕೂಡ ಇರುವುದಿಲ್ಲ. ನಮ್ಮ ಪನೀರು ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಪನೀರಿಗೆ ಅದರದೇ ಹೆಚ್ಚುಗಾರಿಕೆಯೊಂದಿದೆ. ಹಾಲನ್ನು ಚೆನ್ನಾಗಿ ಕಾಯಿಸಿ ಒಡೆಸುವುದರಿಂದ, ಚೀಸಿನಲ್ಲಿ ನೀರುಪಾಲಾಗುವ ಇತರ ಪ್ರೋಟೀನುಗಳಲ್ಲೂ ಒಂದಷ್ಟು ಗಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಉಪ್ಪನ್ನೂ ಹಾಕುವುದಿಲ್ಲ.

ಒಂದು ಕಿಲೊ ಚೆಡ್ಡರಿಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಹತ್ತು ಪಾಲು ಒಂದು ಪಾಲಿಗೆ ಇಳಿದಾಗ ಒಳ್ಳೆಯದೂ ದಟ್ಟವಾಗುತ್ತದೆ, ಮಿತಿಯಲ್ಲಿರಬೇಕಾದದ್ದೂ ದಟ್ಟವಾಗುತ್ತದೆ. 100 ಗ್ರಾಂ ಚೆಡ್ಡರಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಕೊಬ್ಬು 33 ಗ್ರಾಂ. ಶಕ್ತಿ ಸುಮಾರು 400 ಕಿಲೊಕ್ಯಾಲೊರಿ. ಆದರೆ ಯಾರೂ ಒಂದೇ ಸಲಕ್ಕೆ 100 ಗ್ರಾಂ ತಿನ್ನುವುದಿಲ್ಲ. 30 ಗ್ರಾಂ ತುಂಡೊಂದರಿಂದ 7 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು, 200 ಮಿಲಿಗ್ರಾಂಗೂ ಮಿಕ್ಕಿದ ಕ್ಯಾಲ್ಸಿಯಂ ದೊರೆಯುತ್ತದೆ. ಒಂದು ಲೋಟ ಹಾಲಿನಿಂದ ಸಿಗುವ ಕ್ಯಾಲ್ಸಿಯಂ ಕೂಡ ಹೆಚ್ಚುಕಡಿಮೆ ಇಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೇಳಿತು. ಆ ತುಂಡು ಇದರ ಐದನೆಯ ಒಂದು ಪಾಲನ್ನು ಒದಗಿಸುತ್ತದೆ.

ಇನ್ನೊಂದು ಲಾಭ ಸಸ್ಯಾಹಾರಿಗಳಿಗೆ ಸಂಬಂಧಿಸಿದ್ದು. ಬಿ-12 ಜೀವಸತ್ವ ಕಾಳು, ಸೊಪ್ಪು, ತರಕಾರಿಗಳಿಂದ ಸಿಗುವುದಿಲ್ಲ. ಮೊಟ್ಟೆ, ಮಾಂಸ ಮುಟ್ಟದವರಿಗೆ ಹಾಲು, ಮೊಸರು, ಪನೀರು, ಚೀಸುಗಳೇ ಅದರ ಸಹಜ ಮೂಲ. ಹಾಗೆಂದು ಚೀಸ್ ಪೂರ್ಣಾಹಾರವೇನೂ ಅಲ್ಲ. ಅದರಲ್ಲಿ ನಾರಿಲ್ಲ, ಸಿ ಜೀವಸತ್ವವಿಲ್ಲ, ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ರಕ್ತಹೀನತೆಯಿರುವ ಮಗುವಿಗೆ ‘ಶಕ್ತಿ ಬರಲಿ’ ಎಂದು ಚೀಸ್ ತಿನ್ನಿಸಿದರೆ ಆ ಕೊರತೆ ನೀಗುವುದಿಲ್ಲ.

ಕೊಬ್ಬಿನ ಮಾತೂ ಇದೆ. ಚೀಸಿನ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪದಂತೆ ತಣ್ಣಗಾದಾಗ ಗಟ್ಟಿಯಾಗುವಂಥದು. ಅಷ್ಟೇ ಕೊಬ್ಬನ್ನು ಬೆಣ್ಣೆಯ ರೂಪದಲ್ಲಿ ತಿಂದವರಿಗಿಂತ ಚೀಸ್ ರೂಪದಲ್ಲಿ ತಿಂದವರಲ್ಲಿ ರಕ್ತದ ಕೆಟ್ಟ ಕೊಲೆಸ್ಟರಾಲ್ ಕಡಿಮೆ ಏರುತ್ತದೆಂದು ಪ್ರಯೋಗಗಳು ತೋರಿಸಿವೆ. ಇದು ಸಮಾಧಾನದ ಸಂಗತಿ. ಆದರೆ ಮಿತಿ ಮೀರಲು ಪರವಾನಗಿಯಲ್ಲ.

ಇಲ್ಲಿಯವರೆಗೆ ಹೇಳಿದ್ದು ಹಾಲಿನಿಂದ ನೇರವಾಗಿ ತಯಾರಾದ ಚೀಸಿನ ಮಾತು. ನಮ್ಮ ಅಂಗಡಿಗಳಲ್ಲಿ ಡಬ್ಬಿ, ಕ್ಯೂಬ್, ಸ್ಲೈಸ್ ರೂಪದಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಪ್ರೊಸೆಸ್ಡ್ ಚೀಸ್. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಂಬಿಬ್ಬರು ಚೀಸನ್ನು ಸಿಟ್ರೇಟ್ ಲವಣದೊಂದಿಗೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವ ವಿಧಾನ ಕಂಡುಹಿಡಿದರು. 1916ರಲ್ಲಿ ಅಮೆರಿಕದ ಜೇಮ್ಸ್ ಕ್ರಾಫ್ಟ್ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದ. ಮೊದಲನೆಯ ಮಹಾಯುದ್ಧದಲ್ಲಿ ಅದು ಡಬ್ಬಿಗಳಲ್ಲಿ ಸೈನಿಕರ ಪಾಲಿಗೆ ಹೋಯಿತು. ಬೇಗ ಕೆಡುವುದಿಲ್ಲ, ಸಮನಾಗಿ ಕರಗುತ್ತದೆ ಎಂಬುದು ಅದರ ಗುಣ. ಇದರಲ್ಲೂ ಪ್ರೋಟೀನು, ಕ್ಯಾಲ್ಸಿಯಂ ಸಾಕಷ್ಟಿವೆ. ಆದರೆ ಕರಗಿಸಲು ಸೇರಿಸುವ ಲವಣಗಳಿಂದ ಸೋಡಿಯಂ ಏರುತ್ತದೆ. 100 ಗ್ರಾಂಗೆ 1,000 ಮಿಲಿಗ್ರಾಂ ದಾಟುವುದು ಸಾಮಾನ್ಯ. 20 ಗ್ರಾಮಿನ ಒಂದು ಸ್ಲೈಸಿನಲ್ಲೇ 200 ಮಿಲಿಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿದ ದಿನದ ಮಿತಿ 2,000 ಮಿಲಿಗ್ರಾಂ; ಮಕ್ಕಳಿಗೆ ಅದಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯಿರುವ ಊಟಕ್ಕೆ ಎರಡು ಮೂರು ಸ್ಲೈಸ್ ಸೇರಿದರೆ ಲೆಕ್ಕ ಬೇಗ ತಪ್ಪುತ್ತದೆ. ರಕ್ತದೊತ್ತಡ ಇರುವವರು, ಮೂತ್ರಪಿಂಡದ ತೊಂದರೆಯವರು ಇದನ್ನು ನೆನಪಿಡಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಚೀಸಿಗೂ ಸಲ್ಲುತ್ತದೆ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯದ ಕೊಬ್ಬು ಸೇರಿಸಿದ ಅಗ್ಗದ ಪದಾರ್ಥಗಳೂ ಚೀಸಿನ ವೇಷದಲ್ಲಿ ತಿರುಗಾಡುತ್ತವೆ. ಅವನ್ನು ಬರೀ ‘ಚೀಸ್’ ಎಂದು ಮಾರಲು ಕಾನೂನು ಬಿಡುವುದಿಲ್ಲ. ಆದರೆ ಬಯಲಾಗುವುದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಅಲ್ಲಿ ಸಸ್ಯಜನ್ಯ ಎಣ್ಣೆ ಎಂದಿದ್ದರೆ, ಮೇಲೆ ಹೇಳಿದ ಅಂಕಿಗಳನ್ನು ಅದಕ್ಕೆ ಅನ್ವಯಿಸಲಾಗದು.

ಇನ್ನು ಕೆಲವರು ವಿಶೇಷ ಎಚ್ಚರಿಕೆ ವಹಿಸಬೇಕು. ಕಾಯಿಸದ ಹಾಲಿನಿಂದ ಮಾಡಿದ ಮೆದು ಚೀಸನ್ನು ಗರ್ಭಿಣಿಯರು ತಿನ್ನಬಾರದು. ಅದರಲ್ಲಿರಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ಶಿಶುವಿಗೆ ಅಪಾಯ. ಖಿನ್ನತೆಗೆ ಕೊಡುವ ಒಂದು ಜಾತಿಯ ಹಳೆಯ ಮಾತ್ರೆಗಳನ್ನು ನುಂಗುತ್ತಿದ್ದವರಿಗೆ ಮಾಗಿದ ಚೀಸ್ ತಿಂದ ಮೇಲೆ ರಕ್ತದೊತ್ತಡ ಒಮ್ಮೆಲೇ ಏರುತ್ತಿದ್ದುದನ್ನು 1963ರಲ್ಲಿ ಲಂಡನ್ನಿನ ವೈದ್ಯ ಬ್ಯಾರಿ ಬ್ಲಾಕ್‌ವೆಲ್ ಗುರುತಿಸಿದರು. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರಿಗೆ ಯಾವ ಚೀಸೂ ಸಲ್ಲದು.

ಹಾಗಾದರೆ ತಾಯಿ ಏನು ಮಾಡಬೇಕು? ಹಾಲು ಕುಡಿಯಲು ಹಟ ಮಾಡುವ ಮಗುವಿಗೆ, ಹಾಲು ಒಗ್ಗದ ಹಿರಿಯರಿಗೆ, ಹಲ್ಲಿಲ್ಲದ ಅಜ್ಜನಿಗೆ ಒಂದು ಸಣ್ಣ ತುಂಡು ಒಳ್ಳೆಯ ಆಹಾರ. ಆ ದಿನ ಉಪ್ಪಿನಕಾಯಿ ಕೈಬಿಟ್ಟರಾಯಿತು. ಹಾಲು, ಮೊಸರು ದಿನವೂ ಸಲ್ಲುವ ಮನೆಯಲ್ಲಿ ಚೀಸ್ ಇಲ್ಲವೆಂದು ಕೊರಗಬೇಕಿಲ್ಲ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ಎಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಆದರೂ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಸೇರಿದ ಊಟ ಯಾವ ಸ್ಲೈಸಿಗೂ ತಲೆ ತಗ್ಗಿಸಬೇಕಿಲ್ಲ. ಸ್ಲೈಸಿಗಾಗಿ ಹಾಲಿನ ಲೋಟವನ್ನು ಕಡಿಮೆ ಮಾಡುವ ಮನೆಗೆ ಮಾತ್ರ ಖರ್ಚೂ ಹೆಚ್ಚು, ಉಪ್ಪೂ ಹೆಚ್ಚು.

ಕೊನೆಗೆ ಆ ತಿಳಿನೀರಿನ ಮಾತು. ಮನೆಯಲ್ಲಿ ಪನೀರು ಮಾಡಿದಾಗ ಹಾಲೊಡಕನ್ನು ಬಚ್ಚಲಿಗೆ ಚೆಲ್ಲುವುದು ರೂಢಿ. ಅದರ ಹಸಿರು ಛಾಯೆ ಕೊಳೆಯಲ್ಲ, ಬಿ-2 ಜೀವಸತ್ವದ ಬಣ್ಣ. ಹಾಲಿನ ಸಕ್ಕರೆ, ಒಂದಿಷ್ಟು ಪ್ರೋಟೀನು, ಹುಳಿಗೆ ಕರಗಿದ ಕ್ಯಾಲ್ಸಿಯಂ ಎಲ್ಲ ಅದರಲ್ಲೇ ಇವೆ. ಯುರೋಪಿನಲ್ಲಿ ಬಹುಕಾಲ ಹಂದಿಗಳಿಗೆ ಸುರಿಯುತ್ತಿದ್ದ ಈ ನೀರನ್ನೇ ಒಣಗಿಸಿ, ಇಂದು ವ್ಯಾಯಾಮಶಾಲೆಯ ಹುಡುಗರಿಗೆ ದುಬಾರಿ ಪ್ರೋಟೀನ್ ಪುಡಿಯಾಗಿ ಮಾರುತ್ತಾರೆ. ಚಪಾತಿ ಹಿಟ್ಟನ್ನು ಅದರಲ್ಲಿ ಕಲಸಬಹುದು, ಸಾರಿಗೆ ಬೆರೆಸಬಹುದು. ಒಡೆದ ಹಾಲಿನಲ್ಲಿ ನಷ್ಟವಾಗುವುದು ಒಡೆದಾಗ ಅಲ್ಲ, ಚೆಲ್ಲಿದಾಗ.