ಮನೆ ಸಂಘದ್ದು, ವಾಸದ ಹಕ್ಕು ನಮ್ಮದು

ಸಂಬಳದ ಅರ್ಧ ಬಾಡಿಗೆಗೇ ಹೋದರೆ ಹೊಟ್ಟೆಗೇನು ಉಳಿದೀತು? ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆಯ ಕೆಲಸಗಾರರು ಇದಕ್ಕೆ ತಮ್ಮ ಕೈಯಿಂದಲೇ ಉತ್ತರ ಕೊಟ್ಟಿದ್ದಾರೆ.

1968ರಲ್ಲಿ ಅಲ್ಲಿ ವಸತಿ ಕಾನೂನು ಬಂತು. ಸಹಕಾರ ಸಂಘ ಕಟ್ಟಿದವರಿಗೆ ಸರ್ಕಾರದ ಸಾಲ. ಕಾಸಿಲ್ಲದವರ ಪಾಲಿಗೆ ದುಡಿಮೆಯೇ ಬಂಡವಾಳ. ಪ್ರತಿ ಕುಟುಂಬ ವಾರಕ್ಕೆ ಸುಮಾರು 21 ಗಂಟೆ ಕಲ್ಲು, ಗಾರೆ ಹೊತ್ತಿತು. 1970ರಲ್ಲಿ ಈ ಸಂಘಗಳು ಕೂಡಿ ಫುಕ್ವಾಮ್ ಎಂಬ ಒಕ್ಕೂಟ ಕಟ್ಟಿದವು.

ಮನೆ ಸಂಘದ್ದು. ಸದಸ್ಯನಿಗೆ ವಾಸದ ಹಕ್ಕು. ಅದು ಮಕ್ಕಳಿಗೂ ಸಲ್ಲುತ್ತದೆ. ಬಿಟ್ಟು ಹೋಗುವವನು ತನ್ನ ಪಾಲಿನ ಹಣ ಪಡೆಯುತ್ತಾನೆ. ಪೇಟೆ ಬೆಲೆಗೆ ಮಾರುವಂತಿಲ್ಲ. ಆದ್ದರಿಂದ ನಾಳೆ ಬರುವ ಬಡವನಿಗೂ ಅದೇ ಮನೆ ಎಟುಕುತ್ತದೆ.

ಇದು ಸೈನಿಕ ಸರ್ವಾಧಿಕಾರಿಗಳಿಗೆ ಹಿಡಿಸಲಿಲ್ಲ. ಮನೆಗಳನ್ನು ಬಿಡಿಬಿಡಿ ಸ್ವತ್ತಾಗಿ ಒಡೆಯಲು ಹೊರಟರು. 1984ರ ಫೆಬ್ರವರಿ 26ರಂದು, ಒಂದೇ ದಿನದಲ್ಲಿ, 3 ಲಕ್ಷಕ್ಕೂ ಹೆಚ್ಚು ಜನ ಅದರ ವಿರುದ್ಧ ಸಹಿ ಹಾಕಿದರು. ಸಂಘಗಳು ಉಳಿದವು.

ಒಬ್ಬೊಬ್ಬರಿಗೆ ಹಕ್ಕುಪತ್ರ ಸಿಕ್ಕರೆ ಸಾಕೆನ್ನುವವರು ನಮ್ಮಲ್ಲೂ ಉಂಟು. ಕಷ್ಟಕಾಲದಲ್ಲಿ ಆ ಒಂಟಿ ಪತ್ರ ಸಾಹುಕಾರನ ಪೆಟ್ಟಿಗೆ ಸೇರುವುದಿಲ್ಲವೇ? ಅಂಗಡಿಕಾರ ಬಂಧುಗಳೇ, ಬಾಡಿಗೆಗೆ ಹೋಗದೆ ಉಳಿದ ರೂಪಾಯಿ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ.

ಸಾಲಕ್ಕೆ ಕಾನೂನು ಬೇಕು. ಅದನ್ನು ಹೋರಾಡಿ ಪಡೆಯೋಣ. ಸಂಘಕ್ಕೆ ನಾವೇ ಸಾಕು. ಅದನ್ನು ಇಂದೇ ಕಟ್ಟೋಣ.