ಹಲಗೆಯ ಮೇಲಿನ ಅಣು, ಪರದೆಯ ಮೇಲಿನ ಅಣು



ಕನ್ನಡ ಪಂಡಿತನಿಗೂ ರಸಾಯನಶಾಸ್ತ್ರಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಇದು ನಾನಾಗಿ ಬೆಳೆಸಿದ ನಂಟಲ್ಲ. ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಹದಿನೈದು ದಿನ ರಜೆಯ ಮೇಲೆ ಹೋದಾಗ ಮುಖ್ಯೋಪಾಧ್ಯಾಯರು, "ಪಂಡಿತರೇ, ಹತ್ತನೆಯ ತರಗತಿಯನ್ನು ಸ್ವಲ್ಪ ನೋಡಿಕೊಳ್ಳಿ" ಎಂದರು. ಪುಸ್ತಕ ಹಿಡಿದು ಹೊರಟೆ.

ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳೆಂದು ತಿಳಿಯಿರಿ. ನಾಲ್ಕರಲ್ಲಿಯೂ ಜಲಜನಕವಿದ್ದರೆ ಅದು ಮೀಥೇನ್. ಎರಡು ಜಲಜನಕಗಳ ಸ್ಥಾನದಲ್ಲಿ ಎರಡು ಕ್ಲೋರಿನ್ ಬಂದರೆ ಡೈಕ್ಲೋರೋಮೀಥೇನ್ ಎಂಬ ದ್ರಾವಕ. ನಾನು ಹಲಗೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಗೆರೆಗಳನ್ನೆಳೆದು, ಒಂದು ಚಿತ್ರದಲ್ಲಿ ಕ್ಲೋರಿನ್‌ಗಳನ್ನು ಎದುರುಬದುರಾಗಿಯೂ ಇನ್ನೊಂದರಲ್ಲಿ ಪಕ್ಕಪಕ್ಕದಲ್ಲಿಯೂ ಬರೆದು, "ಇವು ಎರಡು ಬೇರೆ ಪದಾರ್ಥಗಳು" ಎಂದೆ. ಹುಡುಗಿಯೊಬ್ಬಳು ಎದ್ದು, "ಎರಡೂ ಒಂದೇ ಅಲ್ವಾ ಸಾರ್?" ಎಂದಳು. "ಕಣ್ಣು ಕಾಣುವುದಿಲ್ಲವೇನಮ್ಮ?" ಎಂದು ಗದರಿದೆ. ತರಗತಿ ನಕ್ಕಿತು. ಆಕೆ ಕುಳಿತವಳು ಆಮೇಲೆ ನನ್ನ ಕನ್ನಡದ ಪಾಠದಲ್ಲಿಯೂ ಬಾಯಿ ತೆರೆಯಲಿಲ್ಲ.

ವಿಜ್ಞಾನದ ಉಪಾಧ್ಯಾಯರು ಹಿಂದಿರುಗಿದ ಮೇಲೆ ಈ ಸಂಗತಿಯನ್ನು ಹೇಳಿದೆ. ಅವರು ವಾದಿಸಲಿಲ್ಲ. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಜೆಮೋಲ್ ಎಂಬ ತಂತ್ರಾಂಶವನ್ನು ತೆರೆದರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಪರದೆಯ ಮೇಲೆ ಬೂದುಬಣ್ಣದ ಗುಂಡು ಇಂಗಾಲ. ಅದಕ್ಕೆ ಕಡ್ಡಿಗಳಿಂದ ಅಂಟಿದ ಎರಡು ಬಿಳಿಯ ಗುಂಡು ಜಲಜನಕ, ಎರಡು ಹಸಿರು ಗುಂಡು ಕ್ಲೋರಿನ್. ಮೌಸಿನ ಎಡಗುಂಡಿಯನ್ನು ಒತ್ತಿ ಎಳೆದರೆ ಅಣು ಬುಗುರಿಯಂತೆ ತಿರುಗುತ್ತದೆ. ನಡುವಣ ಚಕ್ರವನ್ನು ಉರುಳಿಸಿದರೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಕಡೆಯಿಂದ ನೋಡಿದೆ, ಹಸಿರು ಗುಂಡುಗಳು ಎದುರುಬದುರು. ತಿರುಗಿಸಿದೆ, ಅವೇ ಗುಂಡುಗಳು ಪಕ್ಕಪಕ್ಕ! ನನ್ನ ಎರಡು ಚಿತ್ರಗಳು ಒಂದೇ ಅಣುವಿನ ಎರಡು ನೋಟಗಳು.

ದೊಡ್ಡವರೂ ಹೀಗೆ ಎಡವಿದ್ದುಂಟು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಾಫ್‌ಮನ್ ಎಂಬ ವಿದ್ವಾಂಸರು ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಅಣುಗಳ ಮಾದರಿಗಳನ್ನು ತೋರಿಸಿದರು. ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಕ್ಲೋರಿನ್ನಿಗೆ ಹಸಿರು ಎಂಬ ಅವರ ರೂಢಿಯೇ ಇಂದಿನ ಪರದೆಗಳಲ್ಲಿಯೂ ಉಳಿದಿದೆ. ಆದರೆ ಅವರ ಮಾದರಿಗಳೂ ನನ್ನ ಹಲಗೆಯಂತೆ ಚಪ್ಪಟೆ. 1874ರಲ್ಲಿ ಇಪ್ಪತ್ತೆರಡು ವರ್ಷದ ಡಚ್ ತರುಣ ವಾಂಟ್ ಹಾಫ್, ಇಂಗಾಲದ ಕೈಗಳು ನಾಲ್ಕು ಮೂಲೆಗಳ ಘನಾಕೃತಿಯ ಮೂಲೆಗಳತ್ತ ಚಾಚಿವೆ ಎಂದರು. ಅಣು ಚಪ್ಪಟೆಯಾಗಿದ್ದರೆ ಇಂಥ ಪದಾರ್ಥಗಳು ಎರಡೆರಡು ಬಗೆಯಲ್ಲಿ ಸಿಕ್ಕಬೇಕಿತ್ತು, ಸಿಕ್ಕಿದ್ದು ಒಂದೇ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೇ ಸಂದಿತು.

ಪಂಡಿತನಾದ ನನಗೆ ಇದು ಹೊಳೆಯಬೇಕಾಗಿತ್ತು. "ರಾಮನು ರಾವಣನನ್ನು ಕೊಂದನು", "ರಾವಣನನ್ನು ರಾಮನು ಕೊಂದನು": ಪದಗಳ ಸ್ಥಾನ ಬೇರೆ, ಅನ್ವಯ ಒಂದೇ. ಅಣುವಿನಲ್ಲಿಯೂ ನೋಡಬೇಕಾದದ್ದು ಯಾರು ಯಾರೊಡನೆ ಹೇಗೆ ಕೂಡಿದ್ದಾರೆ ಎಂಬ ಅನ್ವಯವನ್ನು.

ಆದರೆ ಪರದೆಯೂ ಪ್ರಮಾಣವಾಕ್ಯವಲ್ಲ. ಪರಮಾಣುವಿಗೆ ಬಣ್ಣವಿಲ್ಲ, ನಡುವೆ ಕಡ್ಡಿಯೂ ಇಲ್ಲ. ಒಂದು ಆಯ್ಕೆಯನ್ನು ಒತ್ತಿದರೆ ಅದೇ ಅಣು ಬರಿಯ ಕಡ್ಡಿಗಳ ಹಂದರ. ಇನ್ನೊಂದನ್ನು ಒತ್ತಿದರೆ ದ್ರಾಕ್ಷಿಗೊಂಚಲಿನಂತೆ ಒತ್ತೊತ್ತಾದ ಗುಂಡುಗಳು. ಹಂದರ ಕೋನಗಳನ್ನು ತೋರಿಸುತ್ತದೆ, ಗೊಂಚಲು ಅಣು ಎಷ್ಟು ಜಾಗ ಹಿಡಿಯುತ್ತದೆಂಬುದನ್ನು ತೋರಿಸುತ್ತದೆ. ಎರಡೂ ಬೇಕು.

ಆ ಹುಡುಗಿಗೆ ಮೊದಲೇ ಹೇಗೆ ತಿಳಿಯಿತು? ಉಪಾಧ್ಯಾಯರು ಹಿಂದೆಯೇ ಅಡುಗೆಮನೆಯ ಪಾಠವೊಂದನ್ನು ಹೇಳಿಕೊಟ್ಟಿದ್ದರಂತೆ. ನೀವೂ ಮಾಡಿ ನೋಡಿ. ಚಪಾತಿ ಹಿಟ್ಟಿನ ಉಂಡೆಗೆ ಮೂರು ಬೆಂಕಿಕಡ್ಡಿಗಳನ್ನು ಮುಕ್ಕಾಲಿಯ ಕಾಲುಗಳಂತೆ ಚುಚ್ಚಿ, ನಾಲ್ಕನೆಯದನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ. ತುದಿಗಳಿಗೆ ಎರಡು ನೆನೆದ ಬಟಾಣಿ, ಎರಡು ನೆನೆದ ಕಡಲೆ. ಇಂಥವೆರಡನ್ನು ಮಾಡಿ, ಕಾಳುಗಳನ್ನು ಹೇಗೆ ಬೇಕಾದರೂ ಸಿಕ್ಕಿಸಿ. ತಿರುಗಿಸಿದರೆ ಒಂದು ಇನ್ನೊಂದಕ್ಕೆ ಸರಿಹೊಂದಿಯೇ ಹೊಂದುತ್ತದೆ.

ಮರುದಿನ ಅದೇ ತರಗತಿಗೆ ಹೋಗಿ, "ಕಣ್ಣು ಕಾಣದಿದ್ದದ್ದು ನನಗೆ, ಆಕೆ ಹೇಳಿದ್ದೇ ಸರಿ" ಎಂದೆ. ಹುಡುಗಿ ತಲೆ ಎತ್ತಲಿಲ್ಲ. ನಾಲ್ಕಾರು ದಿನ ಕಳೆದು, ಪದ್ಯದ ಅನ್ವಯವೊಂದರಲ್ಲಿ, "ಸಾರ್, ಇದು ಹೀಗಲ್ವಾ?" ಎಂದು ಎದ್ದಳು. ಈ ಸಲ ನಾನು ಪುಸ್ತಕವನ್ನು ಮತ್ತೊಮ್ಮೆ ನೋಡಿ ಉತ್ತರ ಹೇಳಿದೆ.